ಕರಡಿ ಗೊಂಬೆಯಾದ ಕಥೆ

‘ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ’ ಎಂಬ ಗಾದೆಯನ್ನು ವಿವರಿಸುವಾಗಲೆಲ್ಲ ಕನ್ನಡದ ಅಧ್ಯಾಪಕನಿಗೆ ಒಂದು ಪೇಚು. ಇಲ್ಲಿಯ ಕರಡಿ ಕಾಡಿನ ಕರಡಿಯಲ್ಲ, ಕರಡೆ ಎಂಬ ವಾದ್ಯ. ಪೂಜೆಯ ವೇಳೆಯಲ್ಲಿ ಅದನ್ನು ಬಾರಿಸುವುದು ಉಪಚಾರವೇ ಹೊರತು ಅಪಚಾರವಲ್ಲ ಎನ್ನುವ ವಿದ್ವಾಂಸರಿದ್ದಾರೆ. ಉತ್ತರ ಕರ್ನಾಟಕದ ಕರಡಿ ಮಜಲನ್ನು ಕಿವಿಯಾರೆ ಕೇಳಿದವರಿಗೆ ಈ ಮಾತು ಒಪ್ಪಿಗೆಯಾಗದೆ ಇರದು. ಆದರೆ ಹುಡುಗರು ಒಪ್ಪುವುದಿಲ್ಲ. ದೀಪ ಹಚ್ಚಿದ ಗರ್ಭಗುಡಿಯೊಳಕ್ಕೆ ಕಪ್ಪು ಕೂದಲಿನ ಒಂದು ಮೃಗ ನುಗ್ಗಿ ಭಟ್ಟರು ದಿಕ್ಕಾಪಾಲಾಗುವ ಚಿತ್ರವನ್ನು ಬಿಟ್ಟುಕೊಡಲು ಯಾರಿಗೆ ತಾನೆ ಮನಸ್ಸಾದೀತು? ನಮ್ಮ ಭಾಷೆಯಲ್ಲಿ ಕರಡಿಯೆಂದರೆ ಭಯ. ಕರಡಿಯ ಅಪ್ಪುಗೆಯೆಂದರೆ ಪ್ರಾಣಕ್ಕೆ ಸಂಚಕಾರ.

ಭಯವನ್ನು ಕಳೆಯುವುದಕ್ಕೂ ಅದೇ ಕರಡಿ ಬೇಕಾಗುತ್ತಿದ್ದುದು ಇನ್ನೊಂದು ವಿಚಿತ್ರ. ನಾನು ಚಿಕ್ಕವನಾಗಿದ್ದಾಗ ನಮ್ಮ ಊರಿಗೆ ಕರಡಿಯಾಡಿಸುವವನು ಬರುತ್ತಿದ್ದ. ಮೂಗಿಗೆ ಹಗ್ಗ ಪೋಣಿಸಿದ ಬಡ ಪ್ರಾಣಿ ಹಿಂಗಾಲ ಮೇಲೆ ನಿಂತು ಸಲಾಮು ಹಾಕುತ್ತಿತ್ತು. ರಾತ್ರಿ ಬೆಚ್ಚಿ ಏಳುವ ಮಕ್ಕಳನ್ನು ತಾಯಂದಿರು ಎತ್ತಿ ಅದರ ಬೆನ್ನ ಮೇಲೆ ಕೂರಿಸುವರು. ನಾಲ್ಕು ಕೂದಲನ್ನು ತಾಯಿತದಲ್ಲಿ ಹಾಕಿಸಿ ಕೊರಳಿಗೆ ಕಟ್ಟುವರು. ನನಗೂ ಕಟ್ಟಿದ್ದರು. ಆ ಆಟ ಈಗ ಇಲ್ಲ. ಕುಣಿಯುವ ಕರಡಿಗಳಲ್ಲಿ ಕೊನೆಯದೆಂದು ಹೇಳಲಾದುದನ್ನು ೨೦೦೯ರಲ್ಲಿ ಬನ್ನೇರುಘಟ್ಟದ ಆಶ್ರಯಧಾಮಕ್ಕೆ ಒಪ್ಪಿಸಿದರು. ಬಳ್ಳಾರಿಯ ಕಡೆಯ ದರೋಜಿಯಲ್ಲಿ ೧೯೯೪ರಿಂದ ಕರಡಿಗಳಿಗೆಂದೇ ಒಂದು ಧಾಮವಿದೆ. ತಾಯಿತವೂ ಹೋಯಿತು, ಹಗ್ಗವೂ ಹೋಯಿತು. ಇಂದು ಕತ್ತಲೆಗೆ ಹೆದರುವ ಮಗುವಿನ ಪಕ್ಕದಲ್ಲಿ ಮಲಗುವುದು ಬಟ್ಟೆಯ ಕರಡಿ.

ಈ ಬಟ್ಟೆಯ ಕರಡಿಯ ಚರಿತ್ರೆಯನ್ನು ನಾನು ಕಲಿತದ್ದು ಪುಸ್ತಕದಿಂದ ಅರ್ಧ, ಸೂಜಿಯಿಂದ ಅರ್ಧ. ಸೂಜಿಯ ಪ್ರಸಂಗ ಬಂದದ್ದು ಹೀಗೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ವೃದ್ಧೆ ಇದ್ದಾರೆ. ಗಂಡನ ಉದ್ಯೋಗದ ನಿಮಿತ್ತ ಮೂವತ್ತು ವರ್ಷಗಳ ಕಾಲ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿದ್ದವರು. ಅಲ್ಲಿಯ ಒಂದು ಸಂಜೆಯ ತರಗತಿಯಲ್ಲಿ ಕರಡಿ ಹೊಲಿಯುವುದನ್ನು ಕಲಿತು, ಆಮೇಲೆ ತಾವೇ ಕಲಿಸುತ್ತಿದ್ದವರು. ಒಂಬತ್ತು ವರ್ಷದ ನನ್ನ ಮಗಳಿಗೆ ಅವರ ಕಪಾಟಿನ ಮೇಲೆ ಕಣ್ಣು ಬಿದ್ದು, ಭಾನುವಾರ ಭಾನುವಾರ ಕಲಿಯಲು ಹೋಗುವೆನೆಂದು ಹಠ ಹಿಡಿದಳು. ಮಗಳನ್ನು ಕರೆದುಕೊಂಡು ಹೋಗಿ ಬರುವ ಕೆಲಸ ನನ್ನದು. ಎರಡನೆಯ ಭಾನುವಾರ ಆ ಅಮ್ಮನವರು, “ಸುಮ್ಮನೆ ಪೇಪರು ಓದುತ್ತ ಏಕೆ ಕೂತಿದ್ದೀರಿ?” ಎಂದು ನನ್ನ ಕೈಗೂ ಸೂಜಿ ಕೊಟ್ಟರು. ಎಂ.ಎ. ಪದವಿ ಆ ಸೂಜಿಯ ಕಣ್ಣಿನಲ್ಲಿ ದಾರ ಪೋಣಿಸುವುದಕ್ಕೆ ಏನೂ ಸಹಾಯ ಮಾಡಲಿಲ್ಲ.

ಮೊದಲ ದಿನವೇ ಮಗಳಿಗೆ ನಾನು ಟೆಡ್ಡಿ ಕರಡಿಯ ಹೆಸರಿನ ಕಥೆ ಹೇಳಿದ್ದೆ. ಅದು ಎಲ್ಲರಿಗೂ ಗೊತ್ತಿರುವ ಕಥೆಯೇ. ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬೇಟೆಗೆ ಹೋದರು. ಕಟ್ಟಿಹಾಕಿದ್ದ ಒಂದು ಕರಡಿಮರಿಯನ್ನು ಕೊಲ್ಲಲಾರದೆ ಕರುಣೆಯಿಂದ ಬಿಟ್ಟುಬಿಟ್ಟರು. ಟೆಡ್ಡಿ ಎಂಬ ಅವರ ಮುದ್ದಿನ ಹೆಸರು ಗೊಂಬೆಗೆ ಬಂದಿತು. ಇದೇ ಕಥೆಯನ್ನು ನಾನು ಹಿಂದೊಮ್ಮೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆದೂ ಇದ್ದೆ. ಮಗಳು ಕೇಳಿದಳು: “ಆಮೇಲೆ ಆ ಕರಡಿ ಎಲ್ಲಿಗೆ ಹೋಯಿತು?” ಕಾಡಿಗೆ ಹೋಯಿತು ಎಂದೆ. ಪಕ್ಕದಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಅಮ್ಮನವರು ತಲೆಯೆತ್ತಿ ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಬಾಗಿಲವರೆಗೆ ಬಂದು, ಮಗಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಮೆಲ್ಲಗೆ, “ಅದು ಕಾಡಿಗೆ ಹೋಗಲಿಲ್ಲ, ಮೇಷ್ಟ್ರೆ” ಎಂದರು.

ಮನೆಗೆ ಬಂದು ಹುಡುಕಿ ನೋಡಿದೆ. ನಿಜಕ್ಕೂ ಹೋಗಿರಲಿಲ್ಲ.

ನಡೆದುದು ೧೯೦೨ನೆಯ ಇಸವಿ ನವೆಂಬರ್ ೧೪ರಂದು, ಮಿಸಿಸಿಪ್ಪಿ ರಾಜ್ಯದ ತಗ್ಗು ಪ್ರದೇಶದ ಜೌಗು ಕಾಡಿನಲ್ಲಿ. ಕಲ್ಲಿದ್ದಲ ಗಣಿಗಳ ದೊಡ್ಡ ಮುಷ್ಕರವನ್ನು ಹಿಂದಿನ ತಿಂಗಳಷ್ಟೇ ಮುಗಿಸಿ ದಣಿದಿದ್ದ ಅಧ್ಯಕ್ಷರಿಗೆ ನಾಲ್ಕು ದಿನದ ವಿಶ್ರಾಂತಿ ಬೇಕಾಗಿತ್ತು. ಬೇಟೆಯ ಮುಂದಾಳು ಹೋಲ್ಟ್ ಕಾಲಿಯರ್ ಎಂಬ ಕರಿಯ ಬೇಟೆಗಾರ. ಗುಲಾಮನಾಗಿ ಹುಟ್ಟಿದವನು; ಸಾವಿರಾರು ಕರಡಿಗಳನ್ನು ಹೊಡೆದವನೆಂದು ಹೆಸರಾದವನು; ಆ ಕಾಡಿನ ಒಂದೊಂದು ಹೊಂಡವನ್ನೂ ಬಲ್ಲವನು. ಅಧ್ಯಕ್ಷರನ್ನು ಒಂದೆಡೆ ಕಾಯಲು ಕೂರಿಸಿ, ಕರಡಿಯನ್ನು ಅವರೆದುರಿಗೇ ಅಟ್ಟಿಕೊಂಡು ಬರುವುದಾಗಿ ಹೇಳಿ ಆತ ನಾಯಿಗಳೊಡನೆ ಹೊರಟ. ಗಂಟೆಗಟ್ಟಲೆ ಕಾದು ಬೇಸತ್ತ ಅಧ್ಯಕ್ಷರು ಊಟಕ್ಕೆಂದು ಬಿಡಾರಕ್ಕೆ ಹಿಂದಿರುಗಿದರು. ಅಷ್ಟರಲ್ಲಿ ಕರಡಿ ಬಂದಿತು. ಇನ್ನೂರು ಪೌಂಡಿಗೂ ಮಿಕ್ಕಿ ತೂಗುವ ಬಲಿತ ಕರಡಿ; ಮರಿಯಲ್ಲ. ನಾಯಿಗಳು ಅದನ್ನು ಒಂದು ಹೊಂಡದಲ್ಲಿ ಮುತ್ತಿದುವು. ಅದು ಒಂದು ನಾಯಿಯನ್ನು ಹಿಡಿದು ಹಿಸುಕಿತು. ಅಧ್ಯಕ್ಷರಿಗಾಗಿ ಕರಡಿಯನ್ನು ಜೀವಂತ ಇರಿಸಬೇಕು, ನಾಯಿಗಳನ್ನೂ ಉಳಿಸಬೇಕು. ಕಾಲಿಯರ್ ಕೋವಿಯ ಹಿಡಿಯಿಂದ ಕರಡಿಯ ತಲೆಗೆ ಬಡಿದು, ಹಗ್ಗ ಬಿಗಿದು, ಒಂದು ಮರಕ್ಕೆ ಕಟ್ಟಿ ಕಹಳೆ ಊದಿದ.

ಅಧ್ಯಕ್ಷರು ಬಂದು ನೋಡಿದರು. ಕಟ್ಟಿಹಾಕಿದ, ಪ್ರಜ್ಞೆ ತಪ್ಪುತ್ತಿದ್ದ ಪ್ರಾಣಿಗೆ ಗುಂಡು ಹೊಡೆಯುವುದು ಬೇಟೆಗಾರನಿಗೆ ತಕ್ಕುದಲ್ಲ ಎಂದು ನಿರಾಕರಿಸಿದರು. ಇಲ್ಲಿಯವರೆಗೆ ಕಥೆ ಸರಿ. ಆಮೇಲೆ ಅವರು ಕೊಟ್ಟ ಅಪ್ಪಣೆಯನ್ನು ಮಾತ್ರ ಮಕ್ಕಳ ಪುಸ್ತಕಗಳು ನುಂಗಿಕೊಂಡವು: ನರಳುತ್ತಿರುವ ಅದನ್ನು ಮುಗಿಸಿಬಿಡಿ ಎಂದರು. ಜೊತೆಯವರು ಚಾಕುವಿನಿಂದ ಮುಗಿಸಿದರು.

ಇದು ಕ್ರೌರ್ಯವೆ, ಕರುಣೆಯೆ? ತಲೆಯೊಡೆದ ಪ್ರಾಣಿಯನ್ನು ಬಿಟ್ಟುಬಿಡುವುದಕ್ಕಿಂತ ಕೊಲ್ಲುವುದೇ ಮೇಲೆಂದು ಬೇಟೆ ಬಲ್ಲವರು ಹೇಳಿಯಾರು. ಅದರಲ್ಲಿ ನನಗೆ ತಕರಾರಿಲ್ಲ. ತಕರಾರು ಇರುವುದು ಬಲಿತ ಕರಡಿ ಮರಿಯಾದುದರಲ್ಲಿ, ಚಾಕು ಮಾಯವಾದುದರಲ್ಲಿ, ಹೋಲ್ಟ್ ಕಾಲಿಯರನೇ ಮಾಯವಾದುದರಲ್ಲಿ. ಆತನ ಹೆಸರಿನಲ್ಲಿ ಮಿಸಿಸಿಪ್ಪಿಯಲ್ಲಿ ಒಂದು ವನ್ಯಧಾಮ ಏರ್ಪಟ್ಟದ್ದು ೨೦೦೪ರಲ್ಲಿ, ನೂರು ವರ್ಷ ಕಳೆದ ಮೇಲೆ.

ಮಾಯೆಯ ಮೊದಲ ಗೆರೆಯನ್ನು ಎಳೆದವನು ಕ್ಲಿಫರ್ಡ್ ಬೆರಿಮನ್ ಎಂಬ ವ್ಯಂಗ್ಯಚಿತ್ರಕಾರ. ನವೆಂಬರ್ ೧೬ರ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಅವನ ಚಿತ್ರ ಬಂದಿತು: ಮುಖ ತಿರುಗಿಸಿ ಕೈ ಚಾಚಿ ಬೇಡವೆನ್ನುತ್ತಿರುವ ಅಧ್ಯಕ್ಷರು, ಹಿಂದೆ ಹಗ್ಗದಲ್ಲಿ ಕರಡಿ. ಓದುಗರಿಗೆ ಅದು ಬಹಳ ಹಿಡಿಸಿತು. ಮುಂದಿನ ಚಿತ್ರಗಳಲ್ಲಿ ಬೆರಿಮನ್ ಕರಡಿಯನ್ನು ಕಿರಿದು ಮಾಡುತ್ತ, ಕಿವಿಯನ್ನು ಗುಂಡಗೆ ಮಾಡುತ್ತ, ಕಣ್ಣನ್ನು ಅಗಲಿಸುತ್ತ ಹೋದ. ಗೊಂಬೆಗೆ ಬೇಕಾದ ಮುಖ ಕಾಗದದ ಮೇಲೆಯೇ ಮುಕ್ಕಾಲು ಪಾಲು ತಯಾರಾಗಿತ್ತು.

ಅದನ್ನು ಬಟ್ಟೆಗೆ ಇಳಿಸಿದವರು ಬ್ರೂಕ್ಲಿನ್ನಿನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ ಮಿಕ್ಟಮ್ ದಂಪತಿಗಳು. ರಷ್ಯದಿಂದ ವಲಸೆ ಬಂದಿದ್ದ ಯೆಹೂದ್ಯರು. ಗಂಡ ಮಾರಿಸ್ ಹಗಲು ಮಿಠಾಯಿ ಮಾರುವನು. ಹೆಂಡತಿ ರೋಸ್ ರಾತ್ರಿ ಗೊಂಬೆ ಹೊಲಿಯುವಳು. ಪತ್ರಿಕೆಯ ಚಿತ್ರ ನೋಡಿ ಅವರು ಒಂದು ಕರಡಿಯನ್ನು ಮಾಡಿ ಅಂಗಡಿಯ ಗಾಜಿನೊಳಗೆ ಇಟ್ಟರು. ಹೆಸರು ಬಳಸಿಕೊಳ್ಳಲು ಅಪ್ಪಣೆ ಕೇಳಿ ಅಧ್ಯಕ್ಷರಿಗೆ ಕಾಗದ ಬರೆದರೆಂದೂ ಅವರು ಒಪ್ಪಿ ಉತ್ತರ ಕೊಟ್ಟರೆಂದೂ ಆ ಮನೆತನದವರು ಹೇಳಿಕೊಂಡು ಬಂದರು. ಕಾಗದ ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ. ಟೆಡ್ಡಿ ಎಂದು ಕರೆಸಿಕೊಳ್ಳುವುದು ರೂಸ್‌ವೆಲ್ಟರಿಗೆ ಹಿಡಿಸುತ್ತಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಅದೇನೇ ಇರಲಿ, ಅಂಗಡಿ ಬೆಳೆದು ‘ಐಡಿಯಲ್’ ಎಂಬ ದೊಡ್ಡ ಆಟಿಕೆ ಕಂಪನಿಯಾಯಿತು. ಆ ಮೊದಲ ಕಾಲದ ಕರಡಿಗಳಲ್ಲಿ ಒಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಕಥೆ ಹೇಳುವವರು ಸಾಮಾನ್ಯವಾಗಿ ‘ಮಾರಿಸ್ ಮಿಕ್ಟಮ್ ಮಾಡಿದ’ ಎಂದು ಹೇಳುತ್ತಾರೆ. ಹೊಲಿದವಳು ರೋಸ್.

ಇದನ್ನು ನಾನು ಅಮ್ಮನವರಿಗೆ ಹೇಳಿದಾಗ ಅವರು ನಕ್ಕು, “ಮೊದಲು ತುಪ್ಪಳ ಒಳಕ್ಕೆ ಸೇರಿಸಿ ಹೊಲಿಯಿರಿ, ಚರಿತ್ರೆ ಆಮೇಲೆ” ಎಂದರು. ಈ ತುಪ್ಪಳವೇ ಎಲ್ಲದರ ಮೂಲವೆಂಬುದು ನನಗೆ ಆಮೇಲೆ ತಿಳಿಯಿತು. ಒಳ್ಳೆಯ ಕರಡಿಗೆ ಬೇಕಾದದ್ದು ಮೊಹೇರ್ ಎಂಬ ಬಟ್ಟೆ. ಅಂಗೋರ ಆಡಿನ ಕೂದಲನ್ನು ಹತ್ತಿಯ ನೆಯ್ಗೆಯ ಮೇಲೆ ತುಪ್ಪಳವಾಗಿ ನಿಲ್ಲಿಸಿದ್ದು. ಅಂಗೋರವೆಂದರೆ ಇಂದಿನ ತುರ್ಕಿಯ ಅಂಕಾರ. ಅಲ್ಲಿಂದ ಬಂದ ಕೂದಲನ್ನು ನೂತು ನೇಯುವುದರಲ್ಲಿ ಯಾರ್ಕ್‌ಷೈರಿನ ಗಿರಣಿಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪಳಗಿದ್ದವು. ಕುರ್ಚಿಯ ಮೆತ್ತೆಗೂ ಗಾಡಿಯ ಆಸನಕ್ಕೂ ಈ ಬಟ್ಟೆ ಹೋಗುತ್ತಿತ್ತು. ಅದು ಗೊಂಬೆಗೆ ಬಂದದ್ದು ಜರ್ಮನಿಯಲ್ಲಿ.

ಈಗ ಜರ್ಮನಿಯ ಕಥೆಗೆ ಬರಬೇಕು. ಅಮೆರಿಕದವರ ಕಥೆಗಿಂತ ಇದು ನನಗೆ ಹೆಚ್ಚು ಪ್ರಿಯವಾದದ್ದು. ಇದರಲ್ಲಿ ಅಧ್ಯಕ್ಷರಿಲ್ಲ, ಕೈಗಳಿವೆ.

ದಕ್ಷಿಣ ಜರ್ಮನಿಯಲ್ಲಿ ಬ್ರೆಂಟ್ಸ್ ಎಂಬ ಚಿಕ್ಕ ಹೊಳೆಯ ದಡದಲ್ಲಿ ಗೀಂಗೆನ್ ಎಂಬ ಊರಿದೆ. ೧೮೪೭ರಲ್ಲಿ ಅಲ್ಲಿಯ ಒಬ್ಬ ಮೇಸ್ತ್ರಿಯ ಮನೆಯಲ್ಲಿ ಮಾರ್ಗರೆಟೆ ಷ್ಟೈಫ್ ಹುಟ್ಟಿದಳು. ಒಂದೂವರೆ ವರ್ಷವಾದಾಗ ಪೋಲಿಯೋ ತಗುಲಿ ಎರಡು ಕಾಲುಗಳೂ ಹೋದವು, ಬಲಗೈ ಸೋತಿತು. ಚಿಕಿತ್ಸೆಗೆ ಊರೂರು ಅಲೆದರು, ಫಲವಿಲ್ಲ. ಶಾಲೆಗೆ ಕೈಗಾಡಿಯಲ್ಲಿ ಎಳೆದುಕೊಂಡು ಹೋಗಬೇಕಾಗಿತ್ತು. ಹೊಲಿಗೆ ಶಾಲೆಗೂ ಹೋದಳು. ನೋಯುವ ಬಲಗೈಯೊಡನೆ ಅದು ಆಕೆಗೆ ಬಹಳ ಪ್ರಯಾಸದ ವಿದ್ಯೆ. ಆದರೂ ಅಕ್ಕನೊಡನೆ ಸೇರಿ ದರ್ಜಿ ಕೆಲಸಕ್ಕೆ ನಿಂತಳು. ಹೊಲಿಗೆ ಯಂತ್ರ ಕೊಂಡಾಗ ಅದರ ಚಕ್ರ ಬಲಗಡೆಗಿದೆ, ತನಗೆ ಬರುವುದು ಎಡಗೈ. ಯಂತ್ರವನ್ನೇ ಹಿಂದುಮುಂದಾಗಿ ತಿರುಗಿಸಿ ಇಟ್ಟುಕೊಂಡು ಎಡಗೈಯಿಂದ ಚಕ್ರ ತಿರುಗಿಸಿದಳು.

೧೮೭೭ರಲ್ಲಿ ಆಕೆ ಫೆಲ್ಟ್ ಬಟ್ಟೆಯ ಅಂಗಡಿ ತೆರೆದಳು. ಉಣ್ಣೆಯನ್ನು ನೇಯದೆ ಒತ್ತಿ ಮಾಡುವ ಈ ಬಟ್ಟೆ ಊರಿನ ಕಾರ್ಖಾನೆಯಿಂದಲೇ ಬರುತ್ತಿತ್ತು. ೧೮೮೦ರ ಸುಮಾರಿಗೆ ಒಂದು ಫ್ಯಾಷನ್ ಪತ್ರಿಕೆಯಲ್ಲಿ ಕಂಡ ನಕ್ಷೆಯಿಂದ ಚಿಕ್ಕ ಆನೆಯೊಂದನ್ನು ಹೊಲಿದಳು. ಅದು ಸೂಜಿ ಚುಚ್ಚಿಡುವ ಮೆತ್ತೆ. ಬಂಧುಬಳಗದ ಹೆಂಗಸರಿಗೆ ಉಡುಗೊರೆ. ಹೆಂಗಸರು ಸೂಜಿ ಚುಚ್ಚುವುದಕ್ಕೆ ಮೊದಲೇ ಮಕ್ಕಳು ಅದನ್ನು ಎತ್ತಿಕೊಂಡು ಓಡಿದವು. ಆವರೆಗೆ ಮಕ್ಕಳ ಗೊಂಬೆಯೆಂದರೆ ಮರ, ತಗಡು, ಪಿಂಗಾಣಿ, ಮೇಣ; ಎದೆಗೆ ಒತ್ತಿಕೊಂಡು ಮಲಗುವಂಥದು ಅಂಗಡಿಯಲ್ಲಿ ಸಿಗುತ್ತಿದ್ದುದು ಅಪರೂಪ. ೧೮೮೬ರ ಹೊತ್ತಿಗೆ ಆಕೆ ವರ್ಷಕ್ಕೆ ಐದು ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಮಾರುತ್ತಿದ್ದಳು. ಕೋತಿ, ಕತ್ತೆ, ಕುದುರೆ, ಒಂಟೆ ಬಂದವು. ೧೮೯೦ರ ದಶಕದಲ್ಲಿ ಕರಡಿಗಳೂ ಬಂದವು. ಆದರೆ ಅವು ನಾಲ್ಕು ಕಾಲಿನ ಮೇಲೆ, ಗಾಲಿಯ ಮೇಲೆ ನಿಂತ ಬಿಗಿಯಾದ ಕರಡಿಗಳು. ಯುರೋಪಿನ ಬೀದಿಗಳಲ್ಲಿಯೂ ಆಗ ಕರಡಿಯಾಡಿಸುವವರು ಓಡಾಡುತ್ತಿದ್ದರು ಎಂಬುದನ್ನು ಮರೆಯಬಾರದು. ನಮ್ಮ ಊರಿನ ಮಗು ಕಂಡದ್ದನ್ನೇ ಗೀಂಗೆನ್ನಿನ ಮಗುವೂ ಕಂಡಿತ್ತು.

ಆಕೆಯ ತಮ್ಮನಿಗೆ ಹಲವು ಗಂಡುಮಕ್ಕಳು. ಅವರಲ್ಲಿ ಒಬ್ಬ ರಿಚರ್ಡ್. ಷ್ಟುಟ್‌ಗಾರ್ಟಿನ ಕಲಾಶಾಲೆಯಲ್ಲಿ ಕಲಿತು ೧೮೯೭ರಲ್ಲಿ ಅತ್ತೆಯ ಕಾರ್ಖಾನೆಗೆ ಸೇರಿದ. ವಿದ್ಯಾರ್ಥಿಯಾಗಿದ್ದಾಗ ಅವನು ಆ ಊರಿನ ನಿಲ್ ಮೃಗಾಲಯಕ್ಕೆ ಹೋಗಿ ಕರಡಿಗಳೆದುರು ಕುಳಿತು ರೇಖಾಚಿತ್ರ ಬರೆಯುತ್ತಿದ್ದ. ಹಿಂಗಾಲ ಮೇಲೆ ನಿಂತ ಕರಡಿ ಮನುಷ್ಯನಂತೆ ಕಾಣುತ್ತದೆ. ಕೂತಾಗ ಮಗುವಿನಂತೆ ಕಾಣುತ್ತದೆ. ಇದನ್ನು ಗಮನಿಸಿದ್ದೇ ಅವನ ಹೆಚ್ಚುಗಾರಿಕೆ. ಗೊಂಬೆಗಳಿಗಿರುವಂತೆ ಕೈಕಾಲು ತಿರುಗುವ ಕರಡಿಯನ್ನು ಮೊಹೇರ್ ತುಪ್ಪಳದಲ್ಲಿ ಮಾಡಬೇಕೆಂದು ೧೯೦೨ರಲ್ಲಿ ಯೋಚಿಸಿದ. ಅತ್ತೆಗೆ ಅಷ್ಟು ನಂಬಿಕೆಯಿರಲಿಲ್ಲ. ಮೊಹೇರ್ ದುಬಾರಿ, ಕರಡಿ ದೊಡ್ಡದು, ಯಾರು ಕೊಂಡಾರು? ಆದರೂ ಬಿಟ್ಟಳು. ‘೫೫ ಪಿ.ಬಿ.’ ಎಂದು ಅದಕ್ಕೆ ಹೆಸರು: ಐವತ್ತೈದು ಸೆಂಟಿಮೀಟರು ಎತ್ತರ, ಪ್ಲಷ್ ಬಟ್ಟೆ, ಚಲಿಸುವ ಅಂಗಗಳು. ೧೯೦೩ರ ಮಾರ್ಚಿಯಲ್ಲಿ ಲೈಪ್‌ಜಿಗ್ಗಿನ ಸಂತೆಯಲ್ಲಿ ಇಟ್ಟರು. ಯಾರೂ ಕೇಳಲಿಲ್ಲವೆಂದೂ, ಸಾಮಾನು ಕಟ್ಟುವ ಹೊತ್ತಿಗೆ ಅಮೆರಿಕದ ವರ್ತಕನೊಬ್ಬ ಬಂದು ಮೂರು ಸಾವಿರ ಕರಡಿಗಳಿಗೆ ಬೇಡಿಕೆ ಕೊಟ್ಟನೆಂದೂ ಹೇಳುತ್ತಾರೆ. ಆ ಮೊದಲ ಬಗೆಯ ಕರಡಿಗಳಲ್ಲಿ ಒಂದಾದರೂ ಇಂದು ಉಳಿದಿರುವುದು ತಿಳಿದುಬಂದಿಲ್ಲ.

ಹಾಗಾದರೆ ಮೊದಲಿಗರು ಯಾರು? ಈ ಜಗಳ ನೂರು ವರ್ಷದಿಂದ ನಡೆದಿದೆ. ಮಿಸಿಸಿಪ್ಪಿಯ ಬೇಟೆಗೆ ಮೊದಲೇ ರಿಚರ್ಡ್ ತನ್ನ ನಕ್ಷೆಯಲ್ಲಿ ತೊಡಗಿದ್ದ. ಮಿಕ್ಟಮ್ ದಂಪತಿಗಳಿಗೆ ಗೀಂಗೆನ್ ಎಂಬ ಊರಿರುವುದೂ ಗೊತ್ತಿದ್ದಂತೆ ಕಾಣುವುದಿಲ್ಲ. ಹೆಸರು ಅಮೆರಿಕದ್ದು, ರೂಪ ಜರ್ಮನಿಯದು, ಎರಡೂ ಒಂದೇ ಹೊತ್ತಿಗೆ ಹುಟ್ಟಿ ಆಮೇಲೆ ಕಲೆತವು ಎಂಬುದು ನನಗೆ ಸರಿಯೆನ್ನಿಸುತ್ತದೆ. ಅದಕ್ಕಿಂತ ನನಗೆ ಮುಖ್ಯವೆನಿಸಿದ ಪ್ರಶ್ನೆ ಬೇರೆ. ಅದನ್ನು ಎಬ್ಬಿಸಿದವರೂ ಅಮ್ಮನವರೇ.

ಮೂರನೆಯ ವಾರ ಬಟ್ಟೆ ಕತ್ತರಿಸುವ ಪಾಠ. ಬಟ್ಟೆಯ ಹಿಂಬದಿಯಲ್ಲಿ ನಕ್ಷೆ ಬರೆಯಬೇಕು. ತುಪ್ಪಳ ಮಲಗುವ ದಿಕ್ಕಿಗೆ ಬಾಣ ಹಾಕಬೇಕು. ಕತ್ತರಿಯ ತುದಿಯನ್ನಷ್ಟೇ ನೆಯ್ಗೆಯ ಕೆಳಗೆ ತೂರಿಸಿ ಮೆಲ್ಲನೆ ಕತ್ತರಿಸಬೇಕು. ತುಪ್ಪಳದ ಒಂದು ಎಳೆಯೂ ತುಂಡಾಗಬಾರದು. ನಾನು ಕಾಗದ ಕತ್ತರಿಸುವಂತೆ ಕಚಕಚನೆ ಕತ್ತರಿಸಿ ಒಂದು ಕಾಲಿಗೆ ಕ್ಷೌರ ಮಾಡಿಬಿಟ್ಟೆ. ಆಗ ಅವರು ಒಂದು ಸಂಗತಿ ಹೇಳಿದರು. ಷ್ಟೈಫ್ ಕಾರ್ಖಾನೆಯಲ್ಲಿ ಬಟ್ಟೆಯ ಒಂದು ಅಗಲಕ್ಕೆ ಆರು ತಲೆಗಳ ನಡುಪಟ್ಟಿ ಇಡಿಯಾಗಿ ಬರುತ್ತಿದ್ದವಂತೆ. ಏಳನೆಯದಕ್ಕೆ ಬಟ್ಟೆ ಸಾಲದೆ ಎರಡು ತುಂಡುಗಳನ್ನು ಕೂಡಿಸಿ ಹೊಲಿಯುತ್ತಿದ್ದರಂತೆ. ಹೀಗಾಗಿ ಹಳೆಯ ಕರಡಿಗಳಲ್ಲಿ ಏಳಕ್ಕೊಂದರ ಹಣೆಯ ನಡುವೆ ಮೂಗಿನವರೆಗೂ ಒಂದು ಹೊಲಿಗೆ ಇರುತ್ತದೆ. ಅಂದು ಉಳಿತಾಯಕ್ಕಾಗಿ ಹಾಕಿದ ಆ ತೇಪೆಯ ಕರಡಿಗೇ ಇಂದು ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. “ಆ ತುಂಡನ್ನು ಎಸೆಯದೆ ಕೂಡಿಸೋಣ ಎಂದವಳು ಯಾರೋ ಒಬ್ಬ ಹೆಂಗಸು ಇರಬೇಕು. ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ” ಎಂದರು ಅಮ್ಮನವರು. ಹೆಂಗಸೇ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಅವರು ನನ್ನ ಕ್ಷೌರದ ಕಾಲನ್ನು ಎತ್ತಿ ತೋರಿಸಿದರು.

೧೯೦೭ರಲ್ಲಿ ಗೀಂಗೆನ್ನಿನಿಂದ ಒಂಬತ್ತು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಕರಡಿಗಳು ಹೊರಟವು. ಕಾರ್ಖಾನೆಯೊಳಗೆ ದುಡಿಯುತ್ತಿದ್ದವರು ನಾನೂರು ಜನ. ತಮ್ಮ ತಮ್ಮ ಮನೆಗಳಲ್ಲಿ ಹೊಲಿಯುತ್ತಿದ್ದವರು ಸಾವಿರದ ಎಂಟುನೂರು. ಅಂದರೆ ಕರಡಿ ಹುಟ್ಟುತ್ತಿದ್ದುದು ಹೆಚ್ಚಾಗಿ ಸುತ್ತಲ ಹಳ್ಳಿಗಳ ಅಡಿಗೆಮನೆಗಳಲ್ಲಿ, ಮಕ್ಕಳು ಮಲಗಿದ ಮೇಲೆ, ದೀಪದ ಬೆಳಕಿನಲ್ಲಿ. ಕಾರ್ಖಾನೆಯ ಕಟ್ಟಡವೂ ಪ್ರಸಿದ್ಧವಾದುದೇ: ೧೯೦೩ರಲ್ಲಿ ಉಕ್ಕು ಮತ್ತು ಗಾಜಿನಿಂದ ಕಟ್ಟಿದ ಮೂರಂತಸ್ತಿನ ಮನೆ. ಹೊಲಿಯುವವರಿಗೆ ಬೆಳಕು ಬೇಕೆಂದು ಗೋಡೆಯೆಲ್ಲ ಗಾಜು. ಮಾರ್ಗರೆಟೆಯ ಗಾಲಿಕುರ್ಚಿ ಹತ್ತಿ ಇಳಿಯಲೆಂದು ಇಳಿಜಾರಿನ ದಾರಿ. ಊರಿನ ಪಡ್ಡೆ ಹುಡುಗರು ಅದಕ್ಕೆ ‘ಕನ್ಯೆಯರ ಮೀನುತೊಟ್ಟಿ’ ಎಂದು ಅಡ್ಡಹೆಸರಿಟ್ಟರು. ಮಾರ್ಗರೆಟೆ ೧೯೦೯ರಲ್ಲಿ ತೀರಿಕೊಂಡಳು. ಒಂದೊಂದು ಹೊಸ ಗೊಂಬೆಯ ಮಾದರಿಯನ್ನೂ ಆಕೆ ಕೈಯಲ್ಲಿ ಹಿಡಿದು ನೋಡದೆ ಹೊರಗೆ ಬಿಡುತ್ತಿರಲಿಲ್ಲವೆಂದು ಪ್ರತೀತಿ.

ಕೀಲಿನ ಪಾಠದ ದಿನ ನನಗೆ ಇನ್ನಷ್ಟು ಚರಿತ್ರೆ ಬೆರಳಿಗೆ ಸಿಕ್ಕಿತು. ಮೊದಲ ಕರಡಿಗಳ ಕೈಕಾಲುಗಳನ್ನು ದಪ್ಪ ದಾರದಿಂದ ಕಟ್ಟಿದ್ದರು. ಮಕ್ಕಳು ಎಳೆದಾಡಿದರೆ ಸಡಿಲವಾಗುತ್ತಿತ್ತು. ಆಮೇಲೆ ಒಳಗೆ ಲೋಹದ ಸರಳುಗಳನ್ನು ಹಾಕಿ ನೋಡಿದರು. ಕರಡಿ ಗಟ್ಟಿಯಾಯಿತು, ಅಪ್ಪಿಕೊಳ್ಳುವುದಕ್ಕೆ ಬಾರದಾಯಿತು. ಇಂಥ ಕರಡಿಯನ್ನು ಇಂದು ಗುರುತಿಸಲು ಎಕ್ಸ್‌ರೇ ತೆಗೆಸುತ್ತಾರೆ ಎಂದರೆ ನಗು ಬರುತ್ತದೆ. ೧೯೦೫ರಲ್ಲಿ ರಟ್ಟಿನ ಬಿಲ್ಲೆಗಳ ಕೀಲು ಬಂದಿತು: ಅಂಗದೊಳಗೊಂದು ಬಿಲ್ಲೆ, ಮೈಯೊಳಗೊಂದು ಬಿಲ್ಲೆ, ನಡುವೆ ಸೀಳುಮೊಳೆ, ಮೊಳೆಯ ಎರಡು ತುದಿಗಳನ್ನು ಇಕ್ಕಳದಿಂದ ಸುರುಳಿ ಸುತ್ತಿ ಬಿಗಿಯುವುದು. ಕೈಯಿಂದ ಕರಡಿ ಮಾಡುವವರಲ್ಲಿ ಬಹುಮಂದಿ ಇಂದಿಗೂ ಇದನ್ನೇ ಮಾಡುತ್ತಾರೆ. ನಾವೂ ಅದನ್ನೇ ಮಾಡಿದೆವು. ಸುರುಳಿ ಸಡಿಲವಾದರೆ ಕೈ ಜೋಲುತ್ತದೆ, ಬಿಗಿಯಾದರೆ ತಿರುಗುವುದಿಲ್ಲ. ಎಷ್ಟು ಬಿಗಿ ಎಂದು ಕೇಳಿದರೆ ಅಮ್ಮನವರು ತಮ್ಮ ಕೈಯನ್ನು ನನ್ನ ಕೈಯ ಮೇಲಿಟ್ಟು ತಿರುಗಿಸಿದರು. ಇದನ್ನು ಬರೆದು ತಿಳಿಸುವುದು ಹೇಗೆ?

ಆಮೇಲೆ ತುಂಬುವ ಕೆಲಸ. ಹಿಂದೆ ಮರದ ನಾರು, ಅಂದರೆ ಹಣ್ಣಿನ ಪೆಟ್ಟಿಗೆಗೆ ಹಾಕುವ ಸಣ್ಣ ಹೊರಚು; ಮೊದಲ ಮಹಾಯುದ್ಧದ ನಂತರ ಮೆತ್ತನೆಯ ಕಪೋಕ್, ನಮ್ಮ ಬಿಳಿಬೂರುಗದ ಅರಳೆ. ಮೂತಿಯಿಂದ ಪ್ರಾರಂಭಿಸಿ, ಕೋಲಿನಿಂದ ಒತ್ತಿ ಒತ್ತಿ, ಕಲ್ಲಿನಂತಾಗುವವರೆಗೆ ತುಂಬಬೇಕು. ಇಲ್ಲವಾದರೆ ಮೂಗಿನ ಕಸೂತಿ ನಿಲ್ಲುವುದಿಲ್ಲ. ಯುದ್ಧದ ಕಾಲದಲ್ಲಿ ಜರ್ಮನಿಯ ಗೊಂಬೆಗಳು ಇಂಗ್ಲೆಂಡಿಗೆ ಬರುವುದು ನಿಂತಿತು, ಇಂಗ್ಲೆಂಡಿನವರು ತಮ್ಮದೇ ಕರಡಿಗಳನ್ನು ಮಾಡಿಕೊಂಡರು. ಯುದ್ಧ ಮುಗಿದಾಗ ಮೊಹೇರ್ ಸಿಗದೆ ಜರ್ಮನಿಯವರು ಕಾಗದದ ನೂಲಿನಿಂದಲೂ ಕರಡಿ ಹೊಲಿದರು. ಲಂಡನ್ನಿನ ಫಾರ್ನೆಲ್ ಕಂಪನಿಯ ಒಂದು ಕರಡಿಯನ್ನು ೧೯೨೧ರಲ್ಲಿ ಹ್ಯಾರಡ್ಸ್ ಅಂಗಡಿಯಲ್ಲಿ ಕೊಂಡು ಎ. ಎ. ಮಿಲ್ನ್ ಅವರ ಮಗುವಿಗೆ ಮೊದಲ ಹುಟ್ಟುಹಬ್ಬಕ್ಕೆ ಕೊಟ್ಟರು. ವಿನ್ನಿ-ದ-ಪೂ ಎಂದು ಜಗತ್ತು ಬಲ್ಲ ಆ ಕರಡಿ ಈಗ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಗಾಜಿನೊಳಗೆ ಕುಳಿತಿದೆ.

ಎರಡನೆಯ ಯುದ್ಧದ ನಂತರ ನೈಲಾನ್ ಬಂದಿತು, ತೊಳೆಯಲು ಬರುವ ಕರಡಿ ಬಂದಿತು. ಮಕ್ಕಳು ಕಿತ್ತು ನುಂಗದಂತೆ ತಿರುಪಿನಿಂದ ಬಿಗಿಯುವ ಕಣ್ಣನ್ನು ಬ್ರಿಟನ್ನಿನ ವೆಂಡಿ ಬಾಸ್ಟನ್ ಎಂಬಾಕೆ ೧೯೪೮ರಲ್ಲಿ ತಂದಳು. ಇದು ದೊಡ್ಡ ಉಪಕಾರವೇ. ಆದರೆ ಅಚ್ಚಿನಲ್ಲಿ ಒತ್ತಿದಂಥ ಅಗ್ಗದ ಕರಡಿಗಳ ನಡುವೆ ಕೈಹೊಲಿಗೆಯ ವಿದ್ಯೆ ಮರೆಯಾಗುತ್ತ ಬಂದಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರಲ್ಲಿ ಒಬ್ಬ ನಟನೂ ಸೇರಿದ್ದಾನೆಂಬುದು ತಮಾಷೆ. ಪೀಟರ್ ಬುಲ್ ಎಂಬ ಆ ಇಂಗ್ಲಿಷ್ ನಟ ೧೯೬೯ರಲ್ಲಿ ತನ್ನ ಕರಡಿಗಳ ಬಗ್ಗೆ ಒಂದು ಪುಸ್ತಕ ಬರೆದ. ದೊಡ್ಡವರೂ ಕರಡಿಯನ್ನು ಇಟ್ಟುಕೊಂಡಿರುವುದು ನಾಚಿಕೆಯ ಸಂಗತಿಯಲ್ಲವೆಂದು ಅನೇಕರಿಗೆ ಧೈರ್ಯ ಬಂದಿತು. ೧೯೭೦ರ ದಶಕದಲ್ಲಿ ಅಮೆರಿಕದ ಬೆವರ್ಲಿ ಪೋರ್ಟ್ ಮುಂತಾದವರು ಹಳೆಯ ಕರಡಿಗಳ ಹೊಲಿಗೆಯನ್ನು ಅಭ್ಯಾಸ ಮಾಡಿ, ಒಂದೊಂದನ್ನೂ ಬೇರೆ ಬೇರೆಯಾಗಿ ಮಾಡಿ, ತಮ್ಮ ಹೆಸರನ್ನು ಹಾಕತೊಡಗಿದರು. ಹೆಸರು ಹಾಕಿದರು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಆ ಸಾವಿರದ ಎಂಟುನೂರು ಮಂದಿಗೆ ಆ ಭಾಗ್ಯವಿರಲಿಲ್ಲ. ಅವರ ಕರಡಿಯ ಕಿವಿಯಲ್ಲಿ ಇದ್ದುದು ೧೯೦೪ರಿಂದ ಕಂಪನಿಯ ಗುಂಡಿ. ಅಂಥ ೧೯೦೪ರದೊಂದು ಕರಡಿ ೧೯೯೪ರ ಡಿಸೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದು ಲಕ್ಷ ಹತ್ತು ಸಾವಿರ ಪೌಂಡುಗಳಿಗೆ ಹೋಯಿತು. ಅದನ್ನು ಹೊಲಿದಾಕೆಗೆ ಎಷ್ಟು ಸಿಕ್ಕಿತ್ತೋ!

ನಮ್ಮ ಅಮ್ಮನವರು ಕಲಿತದ್ದು ಈ ಎರಡನೆಯ ಪೀಳಿಗೆಯವರ ಕೈಯಲ್ಲಿ. ಅವರ ಕಲಿಸುವ ಕ್ರಮವನ್ನು ನೋಡಿ ಅಧ್ಯಾಪಕನಾದ ನನಗೆ ಅಸೂಯೆಯಾಯಿತು. ಮುಖದ ಪಾಠವನ್ನು ಅವರು ಎಲ್ಲಕ್ಕಿಂತ ಕೊನೆಗೆ ಇಟ್ಟರು. ಗುಂಡುತಲೆಯ ಎರಡು ಕರಿಯ ಪಿನ್ನುಗಳನ್ನು ಕೊಟ್ಟು, ಕಣ್ಣು ಎಲ್ಲಿ ಬೇಕು ನೋಡು ಎಂದು ಮಗಳಿಗೆ ಹೇಳಿದರು. ಅವಳು ಮೇಲೆ ಚುಚ್ಚಿದಳು: ಕರಡಿ ಮುದುಕನಾಯಿತು. ಹತ್ತಿರ ಚುಚ್ಚಿದಳು: ಕಳ್ಳನಾಯಿತು. ಕೆಳಕ್ಕೆ, ದೂರಕ್ಕೆ ಸರಿಸಿದಳು: ಮಗುವಾಯಿತು. ಕೇಂಬ್ರಿಜ್ಜಿನ ಇಬ್ಬರು ಪ್ರಾಣಿಶಾಸ್ತ್ರಜ್ಞರು, ಹೈಂಡ್ ಮತ್ತು ಬಾರ್ಡನ್, ೧೯೮೫ರಲ್ಲಿ ಹಳೆಯ ಹೊಸ ಕರಡಿಗಳ ಮುಖವನ್ನು ಅಳತೆ ಮಾಡಿ, ವರ್ಷ ಕಳೆದಂತೆ ಹಣೆ ದೊಡ್ಡದಾಗುತ್ತಲೂ ಮೂತಿ ಗಿಡ್ಡವಾಗುತ್ತಲೂ ಬಂದಿದೆಯೆಂದು ಒಂದು ಲೇಖನವನ್ನೇ ಬರೆದಿದ್ದಾರೆ. ಅವರು ಅಳೆದು ಕಂಡದ್ದನ್ನು ನನ್ನ ಮಗಳು ಹತ್ತು ನಿಮಿಷದಲ್ಲಿ ಎರಡು ಪಿನ್ನುಗಳಿಂದ ಕಂಡಳು. ಬೆರಿಮನ್ ತನ್ನ ಚಿತ್ರದಲ್ಲಿ ಮಾಡಿದ್ದೂ ಇದನ್ನೇ ಅಲ್ಲವೆ? ಕಣ್ಣನ್ನು ಕೆಳಕ್ಕೆ ಸರಿಸಿದ. ಸತ್ತ ಕರಡಿ ಬದುಕಿದ ಮರಿಯಾಯಿತು.

ಇದನ್ನು ಯೋಚಿಸುತ್ತ ಕುಳಿತಾಗ ನನಗೆ ಕಾಲೇಜಿನ ಸಂಚಿಕೆಯ ಲೇಖನ ನೆನಪಾಗಿ ಮುಜುಗರವಾಯಿತು. ಅದನ್ನು ಓದಿದ ಹುಡುಗರೆಲ್ಲ ಈಗ ಎಲ್ಲೆಲ್ಲಿಯೋ ಇದ್ದಾರೆ. ಅವರ ಮಕ್ಕಳಿಗೂ ಅದೇ ಕಥೆ ಹೋಗಿರಬಹುದು. ಎದುರಿಗಿದ್ದವಳಿಗಾದರೂ ಹೇಳೋಣವೆಂದು, ಅವಳು ಮೂಗಿಗೆ ಕರಿಯ ದಾರದ ಕಸೂತಿ ಹಾಕುತ್ತಿದ್ದಾಗ ಹೇಳಿದೆ. ಕಟ್ಟಿಹಾಕಿದ ಆ ಕರಡಿ ಕಾಡಿಗೆ ಹೋಗಲಿಲ್ಲ, ನಾನು ತಪ್ಪು ಹೇಳಿದ್ದೆ. ಅದು ಮರಿಯೂ ಅಲ್ಲ. ಅಧ್ಯಕ್ಷರು ತಾವು ಕೊಲ್ಲಲಿಲ್ಲ, ಬೇರೆಯವರಿಂದ ಕೊಲ್ಲಿಸಿದರು. ಅದನ್ನು ಹಿಡಿದವನ ಹೆಸರು ಹೋಲ್ಟ್ ಕಾಲಿಯರ್. ಅವನ ನಾಯಿಯನ್ನು ಕರಡಿ ಹಿಡಿದುದರಿಂದ ಅವನು ಹೊಡೆಯಬೇಕಾಯಿತು. ಅಮ್ಮನವರು ಕತ್ತರಿ ಕೆಳಗಿಟ್ಟು ಕೇಳುತ್ತಿದ್ದರು. ಅಳುತ್ತಾಳೇನೋ ಎಂದು ನಾನು ಹೆದರಿದ್ದೆ. ಅವಳು ಸೂಜಿಯನ್ನು ಅರ್ಧಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ನಾಯಿ?” ಎಂದಳು.

ಅದೂ ಸತ್ತಿತು ಎಂದೆ.

“ಅದಕ್ಕೆ ಯಾರೂ ಗೊಂಬೆ ಮಾಡಲಿಲ್ಲವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ದಾರವನ್ನು ಎಳೆದು ಬಿಗಿದಳು.